ಲಿಫ್ಟ್ ಮಾಡಿದ ಪಿಕಪ್, 3 ಟನ್ ಟ್ರೈಲರ್: ಡ್ರಾಪ್ ಹಿಚ್ಚಾ, ಏರ್ ಬ್ಯಾಗಾ, ಸ್ಪ್ರಿಂಗ್ ಬಾರಾ?

ಪಿಕಪ್‌ಗೆ ಗಾಡಿಯನ್ನು ಎತ್ತರಿಸುವ 4 ಇಂಚಿನ ಲಿಫ್ಟ್ ಕಿಟ್ ಹಾಕಿಸಿ, 32 ಇಂಚಿನ ಟೈರ್ ಜಾಗಕ್ಕೆ 35 ಇಂಚಿನದ್ದು ಕೂರಿಸಿದಾಗ ಟ್ರೈಲರ್ ಯೋಚನೆಯೇ ತಲೆಯಲ್ಲಿ ಇರಲಿಲ್ಲ. ಕಿಟ್‌ನಿಂದ 4, ಟೈರ್‌ನಿಂದ ಒಂದೂವರೆ, ಒಟ್ಟು ಐದೂವರೆ ಇಂಚು ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲಕ್ಕೆ ಹೋಯಿತು. 3,000 ಕೆಜಿ ಟ್ರೈಲರ್ ಸಿಕ್ಕಿಸಿದರೆ ಅದರ ಮೂತಿ ಆಕಾಶ ನೋಡುತ್ತಿತ್ತು. ಹಾಗಾದರೆ ಟ್ರೈಲರ್‌ನ ಹಿಂದಿನ ಆಕ್ಸಲ್‌ಗೆ ಭಾರ ಜಾಸ್ತಿ, ವೇಗ ಹೆಚ್ಚಿದಂತೆ ತೂಗಾಟವೂ ಜಾಸ್ತಿ.

ಮೊದಲು ತಂದದ್ದು ಉದ್ದನೆಯ ಡ್ರಾಪ್ ಹಿಚ್, ಅಂದರೆ ಕೊಂಡಿಯನ್ನು ಕೆಳಕ್ಕೆ ಇಳಿಸುವ ಬಾಗಿದ ಕಂಬಿ. ಅಗ್ಗ, ಒಂದು ಪಿನ್ ಹಾಕಿದರೆ ಮುಗಿಯಿತು. ಟ್ರೈಲರ್ ಮಟ್ಟಕ್ಕೆ ಬಂತು, ಆದರೆ ಪಿಕಪ್ ಹಿಂದೆ ಕುಸಿಯಿತು. ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಬಾಲ್ (ಹಿಚ್ ತುದಿಯ ಗುಂಡು) ಮೇಲೆ ಕೂರಬೇಕು, ನನ್ನದರಲ್ಲಿ 360 ಕೆಜಿ ಇತ್ತು. ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಯಿತು, ಗಾಡಿ ತೇಲಿದ ಹಾಗೆ ಅನಿಸಿತು.

ಆಮೇಲೆ ಪಿಕಪ್‌ನ ಹಿಂದಿನ ಆಕ್ಸಲ್ ಮೇಲೆ ಏರ್ ಬ್ಯಾಗ್ (ಸ್ಪ್ರಿಂಗ್‌ಗೆ ಆಸರೆಯಾಗುವ ರಬ್ಬರ್ ಚೀಲ) ಕೂರಿಸಿದೆ. ಗಾಳಿ ತುಂಬುತ್ತಿದ್ದ ಹಾಗೆ ಹಿಂಭಾಗ ಮೇಲೆದ್ದು ಗಾಡಿ ಚೆಂದ ನಿಂತಿತು. ಗೆದ್ದೆ ಅಂದುಕೊಂಡೆ. ಸುಮ್ನೆ ಇರಲಿ ಅಂತ ಟೇಪ್ ಹಿಡಿದು ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟಿದೆ ಅಂತ ಅಳೆದೆ. ಟ್ರೈಲರ್ ಇಲ್ಲದಾಗ 104 ಸೆಂ.ಮೀ., ಬರೀ ಡ್ರಾಪ್ ಹಿಚ್‌ನಲ್ಲಿ 107, ಏರ್ ಬ್ಯಾಗ್ ಉಬ್ಬಿಸಿದ ಮೇಲೆ 106.5! ಹಿಂದೆ ಎತ್ತಿದ್ದು ನಿಜ, ಮುಂದಿನ ಚಕ್ರದಿಂದ ಹೋದ ಭಾರ ಮಾತ್ರ ವಾಪಸ್ ಬಂದಿರಲಿಲ್ಲ. ಕಣ್ಣಿಗೆ ಮಟ್ಟ ಕಂಡರೆ ಸಾಕು ಅನ್ನುವವರು ಇದನ್ನೊಮ್ಮೆ ಅಳೆದು ನೋಡಬೇಕು.

ಮೂರನೆಯದು ಸ್ಪ್ರಿಂಗ್ ಬಾರ್ ಇರುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಬಾರ್‌ಗಳು ಬಾಲ್ ಮೇಲಿನ ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಟ್ರೈಲರ್‌ನ ಚಕ್ರಗಳಿಗೂ ಹಂಚುತ್ತವೆ. ಕಮಾನು 105ಕ್ಕೆ ಇಳಿಯಿತು, ಸ್ಟೀರಿಂಗ್‌ಗೆ ಹಿಡಿತ ಬಂತು. ಲಿಫ್ಟ್ ಆದ ಗಾಡಿಗೆ ಇದರ ಮಾಮೂಲಿ ಶ್ಯಾಂಕ್ (ಪಿಕಪ್‌ಗೆ ತೂರಿಸುವ ಕಂಬಿ) ಸಾಲಲಿಲ್ಲ, ಉದ್ದದ್ದು ಬೇರೆ ಕೊಳ್ಳಬೇಕಾಯಿತು. ಇದು ಮಣಭಾರ, ತಿರುವಿನಲ್ಲಿ ಕಿರುಗುಟ್ಟುತ್ತದೆ. ಮೊದಲ ದಿನ ಬಾರ್ ಸಿಕ್ಕಿಸಲು ಪೈಪ್ ಹಿಡಿದು ಒದ್ದಾಡಿದೆ. ಟ್ರೈಲರ್ ಜಾಕ್ ತಿರುಗಿಸಿ ಪಿಕಪ್ ಹಿಂಭಾಗವನ್ನೂ ಜೊತೆಗೇ ಎತ್ತಿದರೆ ಬಾರ್ ಕೈಯಲ್ಲೇ ಕೂರುತ್ತದೆ ಅಂತ ತಡವಾಗಿ ಗೊತ್ತಾಯಿತು. ಆದರೂ ನನ್ನ ಓಟು ಇದಕ್ಕೇ. ಏರ್ ಬ್ಯಾಗ್ ತೆಗೆದಿಲ್ಲ. ಟ್ರೈಲರ್ ಇಲ್ಲದೆ ಹಿಂದೆ ಸಾಮಾನು ತುಂಬಿದಾಗ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಏರಿನಲ್ಲಿ ಏದುಸಿರು ಬಿಡುವುದನ್ನು ಮಾತ್ರ ಯಾವ ಹಿಚ್ಚೂ ಸರಿ ಮಾಡಲಿಲ್ಲ. ಅದು ದೊಡ್ಡ ಟೈರ್ ಮಾಡಿದ ಕೆಲಸ. ಆಕ್ಸಲ್‌ನ 3.73 ಗೇರ್ (ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ 3.73 ಸುತ್ತು) ಈಗ 3.41ರ ಹಾಗೆ ಎಳೆಯುತ್ತದೆ. ಆಕ್ಸಲ್‌ಗೆ 4.10 ಹಾಕಿಸಿದರೆ ಮೊದಲಿನಂತೆಯೇ ಆಗುತ್ತದೆ. ಆ ಖರ್ಚಿಗೆ ಇನ್ನೂ ಮನಸ್ಸು ಬಂದಿಲ್ಲ, ಸದ್ಯಕ್ಕೆ ಏರು ಬಂದರೆ ನಾನೇ ಒಂದು ಗೇರ್ ಇಳಿಸುತ್ತೇನೆ.