ಲೆಕ್ಸ್ ಲೂಥರ್: ಮ್ಯಾನ್ ಆಫ್ ಸ್ಟೀಲ್ – ಸೂಪರ್‌ಮ್ಯಾನ್‌ಗೆ ತಕ್ಕ ವಿಲನ್

ಗುಂಡು ಹೊಡೆದರೂ ಏನೂ ಆಗದ, ಆಕಾಶದಲ್ಲಿ ಹಾರುವ, ಗೋಡೆಯಾಚೆ ಇರುವುದನ್ನೂ ನೋಡುವ ಹೀರೋಗೆ ವಿಲನ್ ಹುಡುಕುವುದು ಕಷ್ಟ. ಇನ್ನೂ ದೊಡ್ಡ ರಾಕ್ಷಸನನ್ನು ತಂದು ನಿಲ್ಲಿಸುವುದು ಸುಲಭದ ದಾರಿ. 1992ರ ಕಾಮಿಕ್ಸ್‌ನಲ್ಲಿ ಡೂಮ್ಸ್‌ಡೇ ಅನ್ನುವ ರಾಕ್ಷಸ ಬಂದು ಸೂಪರ್‌ಮ್ಯಾನ್‌ನನ್ನು ಹೊಡೆದು ಸಾಯಿಸಿದ, ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು, ಸರಿ. ಆದರೆ ಆ ಡೂಮ್ಸ್‌ಡೇಗೆ ಏನು ಬೇಕಿತ್ತು? ಸುಮ್ನೆ ಹೊಡೆಯುವುದಷ್ಟೇ.

ಲೂಥರ್ ಹಾಗಲ್ಲ. 1940ರಲ್ಲಿ ಮೊದಲು ಬಂದಾಗ ಅವನಿಗೆ ತಲೆ ತುಂಬ ಕೆಂಪು ಕೂದಲಿತ್ತು, ಆಗ ಅವನು ಬರೀ ತಲೆಕೆಟ್ಟ ವಿಜ್ಞಾನಿ. 1986ರಲ್ಲಿ ಅವನನ್ನು ಊರೇ ಮರ್ಯಾದೆ ಕೊಡುವ ದುಡ್ಡಿನ ಕುಳ ಮಾಡಿದರು. ಅಲ್ಲಿಂದ ಅವನ ತೂಕವೇ ಬೇರೆ. ಕಳ್ಳನನ್ನು ಹಿಡಿದು ಜೈಲಿಗೆ ಹಾಕಬಹುದು, ಊರಿನ ಎಷ್ಟೋ ಮನೆಗಳಿಗೆ ಸಂಬಳ ಕೊಡುವವನನ್ನು ಏನು ಮಾಡುವುದು? ಅವನ ಮೂಳೆ ಪುಡಿ ಮಾಡಲು ಸೂಪರ್‌ಮ್ಯಾನ್‌ಗೆ ಒಂದು ಕ್ಷಣ ಸಾಕು, ಆದರೆ ಹಾಗೆ ಮಾಡಿದ ಕೂಡಲೇ ಸೂಪರ್‌ಮ್ಯಾನ್ ಅಪಾಯ ಅಂತ ಲೂಥರ್ ಹೇಳುತ್ತಾ ಬಂದದ್ದೇ ನಿಜವಾಗಿಬಿಡುತ್ತದೆ.

2005ರ ‘ಲೆಕ್ಸ್ ಲೂಥರ್: ಮ್ಯಾನ್ ಆಫ್ ಸ್ಟೀಲ್’ ಅನ್ನುವ ಈ ಐದು ಸಂಚಿಕೆಗಳ ಕಾಮಿಕ್ಸ್ ಕಥೆ ನನಗೆ ಇಷ್ಟವಾಗಿದ್ದು ಇದಕ್ಕೇ. ಬರೆದವರು ಬ್ರಯಾನ್ ಅಜ್ಜರೆಲೊ, ಚಿತ್ರ ಲೀ ಬರ್ಮೆಹೊ ಅವರದು. ಕಥೆ ಪೂರ್ತಿ ಲೂಥರ್ ಕಣ್ಣಿನಲ್ಲೇ ನಡೆಯುತ್ತದೆ. ಕಚೇರಿ ಗುಡಿಸುವವನ ಹತ್ತಿರ ನಿಂತು ಅವನ ಮಗನ ವಿಚಾರ ಕೇಳುತ್ತಾನೆ, ಓದುವಾಗ ಇಷ್ಟು ಒಳ್ಳೆಯವನಾ ಇವನು ಅನಿಸುತ್ತದೆ. ಅದೇ ಸೂಪರ್‌ಮ್ಯಾನ್? ಮಾತೇ ಇಲ್ಲ ಅನ್ನುವಷ್ಟು ಕಡಿಮೆ. ಮುಖದ ಮೇಲೆಲ್ಲ ಕತ್ತಲೆ, ಅದರೊಳಗೆ ಕೆಂಡದ ಹಾಗೆ ಎರಡು ಕೆಂಪು ಕಣ್ಣು. ಲೂಥರ್‌ಗೆ ಅವನು ಹಾಗೆಯೇ ಕಾಣುತ್ತಾನೆ, ಅಲ್ವಾ? ಆ ಪುಟಗಳಲ್ಲಿ ನನಗೂ ಭಯವಾಯಿತು. ಲೂಥರ್ ಸುಳ್ಳು ಹೇಳುತ್ತಿಲ್ಲ, ತಾನು ಹೇಳುವುದನ್ನು ಪೂರ್ತಿ ನಂಬಿದ್ದಾನೆ, ಮನುಷ್ಯರಿಗಾಗಿಯೇ ಎಲ್ಲ ಅನ್ನುತ್ತಾ ಮನುಷ್ಯರನ್ನೇ ಬಲಿ ಕೊಡುತ್ತಾನೆ. ಕೊನೆಯ ಸಂಚಿಕೆ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏನಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ನಡುವೆ ಲೂಥರ್ ಗಾಥಮ್ ಊರಿಗೆ ಹೋಗಿ ಬ್ರೂಸ್ ವೇಯ್ನ್‌ನನ್ನು, ಅಂದರೆ ಬ್ಯಾಟ್‌ಮ್ಯಾನ್‌ನನ್ನು, ಭೇಟಿಯಾಗುವ ಭಾಗ ಕಥೆಯ ಓಟ ತಪ್ಪಿಸುತ್ತದೆ. ಹೋಪ್ ಅನ್ನುವ ಹೊಸ ನಾಯಕಿಗೆ ಇನ್ನಷ್ಟು ಪುಟ ಬೇಕಿತ್ತು. ನಾನು ಆನ್‌ಲೈನ್‌ನಲ್ಲಿ ತರಿಸಿದ ಪ್ರತಿಯ ಮೂಲೆ ಮಡಚಿ ಬಂದಿತ್ತು, ಅಂಗಡಿಯಲ್ಲಿ ಸಿಕ್ಕರೆ ನೋಡಿಯೇ ತಗೊಳ್ಳಿ.

ಸೂಪರ್‌ಮ್ಯಾನ್ ಕಥೆ ಒಂದೂ ಓದಿಲ್ಲದವರು ಇದರಿಂದ ಶುರು ಮಾಡಬೇಡಿ. ಅವನ ನಗುಮುಖ ಮೊದಲೇ ಗೊತ್ತಿದ್ದರೆ ಮಾತ್ರ ಆ ಕೆಂಪು ಕಣ್ಣು ಹೆದರಿಸುತ್ತದೆ.