ಮೂರು ವರ್ಷ ಬಳಸಿದ ಮಿಲಿಗ್ರಾಂ ತಕ್ಕಡಿ: ಕೇಸಿನೊಳಗಿನ ಜಾಗ ಅಳೆಯಲು ಸಾಕೇ?

ರೈಫಲ್ ತೋಟಾ ರೀಲೋಡ್ ಮಾಡುವವರಿಗೆ, ಅಂದರೆ ಹಾರಿಸಿದ ತೋಟಾಕ್ಕೆ ಮತ್ತೆ ಪೌಡರ್, ಗುಂಡು ತುಂಬುವವರಿಗೆ, ಕೇಸಿನೊಳಗೆ (ತೋಟಾದ ಹಿತ್ತಾಳೆ ಕೋಶದೊಳಗೆ) ಎಷ್ಟು ಜಾಗವಿದೆ ಅನ್ನುವುದು ಗೊತ್ತಿರಬೇಕು. ಜಾಗ ಕಡಿಮೆಯಾದರೆ ಅಷ್ಟೇ ಪೌಡರಿಗೆ ಒತ್ತಡ ಏರುತ್ತದೆ. ಖಾಲಿ ಕೇಸ್ ತೂಗಿ, ನೀರು ತುಂಬಿ, ಮತ್ತೆ ತೂಗುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದಕ್ಕೆಂದೇ ಈ ಪುಟ್ಟ ಡಿಜಿಟಲ್ ತಕ್ಕಡಿ ಕೊಂಡೆ. 0.001 ಗ್ರಾಂವರೆಗೆ ತೋರಿಸುತ್ತದೆ. ರೀಲೋಡ್ ಮಾಡುವವರು ತೂಕಕ್ಕೆ ಬಳಸುವ ಗ್ರೇನ್ ಲೆಕ್ಕದಲ್ಲಿ ಸುಮಾರು 0.015. ಈ ಕೆಲಸಕ್ಕೆ ಧಾರಾಳವಾಯಿತು.

ಮೊದಲ ತಿಂಗಳು ಮಾತ್ರ ತಲೆ ಕೆಟ್ಟುಹೋಗಿತ್ತು. ಒಂದೇ .308 (ಒಂದು ರೈಫಲ್ ತೋಟಾದ ಅಳತೆ) ಕೇಸನ್ನು ಐದು ಸಲ ಅಳೆದರೆ ಐದು ಉತ್ತರ. ಒಂದಕ್ಕೊಂದು ಅರ್ಧ ಗ್ರೇನ್‌ವರೆಗೂ ವ್ಯತ್ಯಾಸ. ತಕ್ಕಡಿಯೇ ಸರಿಯಿಲ್ಲ ಅಂದುಕೊಂಡೆ. ಆದರೆ ಜೊತೆಗೆ ಬಂದ ತೂಕದ ಬಟ್ಟು ಇಟ್ಟು ನೋಡಿದರೆ ಪ್ರತಿ ಸಲವೂ ಅದೇ ಅಂಕಿ. ತಪ್ಪು ಇದ್ದದ್ದು ಕೇಸಿನ ಬಾಯಲ್ಲಿ. ನೀರು ಒಮ್ಮೆ ಗುಮ್ಮಟದ ಹಾಗೆ ಉಬ್ಬಿ ನಿಲ್ಲುತ್ತದೆ, ಒಮ್ಮೆ ಬಟ್ಟಲಿನ ಹಾಗೆ ತಗ್ಗುತ್ತದೆ. ಅಷ್ಟರಲ್ಲೇ ಅರ್ಧ ಗ್ರೇನ್ ಹೋಗಿಬಿಡುತ್ತದೆ!

ಈಗ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕುತ್ತೇನೆ. ಸಿರಿಂಜಿನಿಂದ ನಿಧಾನಕ್ಕೆ ತುಂಬಿಸಿ, ಉಗುರಿನಿಂದ ಕೇಸನ್ನು ತಟ್ಟುತ್ತೇನೆ. ಕೇಸಿನ ಭುಜದ (ಬಾಯಿಯ ಕಡೆಗೆ ಸಪೂರವಾಗುವ ಭಾಗದ) ಕೆಳಗೆ ಅಂಟಿಕೊಂಡ ಗುಳ್ಳೆ ಮೇಲೆ ಬರುತ್ತದೆ. ಆಮೇಲೆ ಹಿಂದೆ ಬೆಳಕಿಟ್ಟು, ಕಣ್ಣನ್ನು ಬಾಯಿಯ ಮಟ್ಟಕ್ಕೆ ತಂದು ನೋಡಿ, ಟಿಶ್ಯೂ ಕಾಗದದ ಮೂಲೆ ತಾಗಿಸುತ್ತೇನೆ. ನೀರು ಸಮತಟ್ಟಾದ ತಕ್ಷಣ ನಿಲ್ಲಿಸಬೇಕು. ಹೀಗೆ ಮಾಡಿದರೆ ಒಂದೇ ಕೇಸ್ ಎಷ್ಟು ಸಲ ಅಳೆದರೂ 0.1 ಗ್ರೇನ್ ಒಳಗೇ ಬರುತ್ತದೆ. ಹಾರಿಸಿದ, ಸೈಜ್ ಮಾಡದ (ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರದ), ಒಂದೇ ಉದ್ದಕ್ಕೆ ಟ್ರಿಮ್ ಆದ ಕೇಸುಗಳನ್ನೇ ಅಳೆಯುತ್ತೇನೆ. ಹಳೇ ಪ್ರೈಮರ್ (ಪೌಡರಿಗೆ ಕಿಡಿ ಹೊತ್ತಿಸುವ, ತಳದಲ್ಲಿರುವ ಪುಟ್ಟ ಬಿಲ್ಲೆ) ಒಳಗೇ ಇರಲಿ, ತಳದಿಂದ ನೀರು ಸೋರುವುದಿಲ್ಲ.

ಸುಮ್ನೆ ಖಾಲಿ ಕೇಸಿನ ತೂಕ ನೋಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಅಂದರೆ ಎಂಟೂವರೆ ಗ್ರೇನ್ ಹಿತ್ತಾಳೆ ಜಾಸ್ತಿಯಾದರೂ ಒಳಗೆ ಕಡಿಮೆಯಾಗುವುದು ಒಂದು ಗ್ರೇನ್ ನೀರಿನ ಜಾಗ ಅಷ್ಟೇ. ಆ ಹಿತ್ತಾಳೆ ತಳದ ಅಂಚಿನಲ್ಲಿದ್ದರೆ ಅದೂ ಇಲ್ಲ. ನನಗೆ ನೀರಿನ ಮೇಲೇ ನಂಬಿಕೆ.

ತಕ್ಕಡಿಯ ಬಗ್ಗೆ ಎರಡು ದೂರುಗಳಿವೆ. ಆನ್ ಮಾಡಿದ ಮೊದಲ ಇಪ್ಪತ್ತು ನಿಮಿಷ ಸೊನ್ನೆ ಅಲುಗಾಡುತ್ತಲೇ ಇರುತ್ತದೆ, ಫ್ಯಾನ್ ಗಾಳಿ ತಾಗಿದರಂತೂ ಕೇಳಲೇಬೇಡಿ. ಇನ್ನೊಂದು, ನೀರು ತುಂಬುವಷ್ಟರಲ್ಲಿ ತಾನಾಗಿಯೇ ಆಫ್ ಆಗಿ, ಟೇರ್ ಮಾಡಿದ್ದು (ಖಾಲಿ ಕೇಸ್ ಇಟ್ಟು ಸೊನ್ನೆ ಮಾಡಿದ್ದು) ಅಳಿಸಿಹೋಗುತ್ತದೆ. ಹಾಗಾಗಿ ಟೇರ್ ಬಿಟ್ಟು, ಎರಡೂ ತೂಕ ಬರೆದುಕೊಂಡು ಕಳೆಯುತ್ತೇನೆ. ಇದು ಕೆಟ್ಟರೆ ಮತ್ತೆ ಇಂಥದ್ದನ್ನೇ ಕೊಳ್ಳುತ್ತೇನೆ, ತಾನಾಗಿ ಆಫ್ ಆಗದಂತೆ ಮಾಡಲು ಬರುವಂಥದ್ದನ್ನು.