ಹೋಂಸ್ಟೇ ಅಂಗಳದ ಸಿಗರೇಟ್ ಡಬ್ಬ, ಎರಡು ಮಳೆಗಾಲ ಕಳೆದ್ಮೇಲೆ

ನಮ್ದು ಮೂಡಿಗೆರೆ ಕಡೆ ಕಾಫಿ ತೋಟ, ತೋಟದ ಮಧ್ಯೆ ಹಳೇ ಹೆಂಚಿನ ಮನೆ, ಅದ್ರಲ್ಲೇ ನಾಲ್ಕು ರೂಮ್ ಹೋಂಸ್ಟೇ ಮಾಡಿದೀವಿ. ಮನೇಲಿ ಯಾರೂ ಸಿಗರೇಟ್ ಸೇದಲ್ಲ, ಆದ್ರೆ ಬಂದವ್ರು ಸೇದಿ ಬಿಸಾಕಿದ ತುಂಡು ಹೆಕ್ಕೋ ಕೆಲಸ ಮಾತ್ರ ಹೋಂಸ್ಟೇ ಶುರುವಾದ ದಿನದಿಂದ ನಂದೇ. ಅಂಗಳಕ್ಕೆ ಹಾಸಿರೋ ಕಲ್ಲಿನ ಸಂದೀಲಿ ಸಿಕ್ಕೊಂಡ್ರೆ ಪೊರಕೆಗೆ ಬರಲ್ಲ, ಬಗ್ಗಿ ಬೆರಳಲ್ಲೇ ಕೀಳ್ಬೇಕು, ಆಮೇಲೆ ಎಷ್ಟು ಸಲ ಸೋಪು ಹಾಕಿ ತೊಳೆದ್ರೂ ಆ ವಾಸನೆ ಹೋಗಲ್ಲ. ಅದಕ್ಕೇ 2024ರ ಫೆಬ್ರವರಿಲಿ ಆನ್‌ಲೈನಲ್ಲಿ ಒಂದು ಸಿಗರೇಟ್ ಡಬ್ಬ ತರಿಸ್ದೆ, ಸೇದಿದ ತುಂಡು ಹಾಕೋಕೆ ಗೋಡೆಗೆ ಹೊಡಿಯೋ ಸ್ಟೀಲ್ ಡಬ್ಬ, 2,650 ರೂಪಾಯಿ. ಈಗ ಎರಡು ಬೇಸಿಗೆ ಎರಡು ಮಳೆಗಾಲ ಆಯ್ತು. ಇಂಥದ್ದು ತಗೋಬೇಕು ಅಂತಿರೋ ಹೋಂಸ್ಟೇಯವ್ರು, ಅಪಾರ್ಟ್‌ಮೆಂಟ್ ಕಮಿಟಿಯವ್ರು ಓದ್ಲಿ ಅಂತ ಎಲ್ಲ ಬರೀತಾ ಇದೀನಿ.

ಯಾಕೆ ತಗೊಂಡೆ ಅಂದ್ರೆ ಕಸಕ್ಕಿಂತ ಜಾಸ್ತಿ ಬೆಂಕಿ ಭಯ. ಫೆಬ್ರವರಿ ಮಾರ್ಚಲ್ಲಿ ನಮ್ಮ ತೋಟದಲ್ಲಿ ದರಗು, ಅಂದ್ರೆ ಉದುರಿದ ಒಣ ಎಲೆ, ಮೊಣಕಾಲವರೆಗೆ ಬಿದ್ದಿರುತ್ತೆ, ಸಿಲ್ವರ್ ಓಕ್ ಎಲೆ ಅಂತೂ ಕಾಗದದ ಥರ ಹತ್ಕೊಳ್ಳುತ್ತೆ, ಮನೆ ಹಿಂದೆ ಒಣಗಿದ ಹುಲ್ಲಿನ ಗುಡ್ಡ ಬೇರೆ. 2023ರಲ್ಲಿ ಒಬ್ರು ಫೋನಲ್ಲಿ ಮಾತಾಡ್ತಾ ಮಾತಾಡ್ತಾ ತುಂಡನ್ನ ಓಕ್ ಮರದ ಬುಡಕ್ಕೆ ಎಸೆದು ಒಳಗೆ ಊಟಕ್ಕೆ ಬಂದ್ರು, ನಾವು ಸಾರು ಬಡಿಸ್ತಾ ಇರೋವಾಗ ಹೊಗೆ ಕಾಣ್ತು. ನಮ್ಮನೆಯವ್ರು, ಲೈನ್ ಮನೆಯವ್ರು (ತೋಟದ ಕೆಲಸದವ್ರು), ಬಂದಿದ್ದ ಹುಡುಗ್ರು ಎಲ್ಲ ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಬಡಿದು ಬಡಿದು ಆರಿಸಿದ್ದು. ಮರಕ್ಕೆ ಹಬ್ಬಿದ್ದ ಎರಡು ಮೆಣಸಿನ ಬಳ್ಳಿ ಸುಟ್ಟೋಯ್ತು, ಹನ್ನೊಂದು ವರ್ಷದ ಬಳ್ಳಿಗಳು. ಗಾಳಿ ಸ್ವಲ್ಪ ಗುಡ್ಡದ ಕಡೆ ಬೀಸಿದ್ರೆ ಏನಾಗ್ತಿತ್ತು ಅಂತ ನೆನಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಇನ್ನೊಂದು ಕಾರಣ ಹಳ್ಳ. ಸಿಗರೇಟ್ ಫಿಲ್ಟರ್ ಹತ್ತಿ, ಮಣ್ಣಲ್ಲಿ ಕೊಳೆಯುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ನಾನೂ ಹಂಗೇ ಅನ್ಕೊಂಡಿದ್ದೆ. ಅದು ಸೆಲ್ಯುಲೋಸ್ ಅಸಿಟೇಟ್ ಅಂತ, ಪ್ಲಾಸ್ಟಿಕ್ಕೇ. ಹೆಂಚಿನ ನೀರು ಬೀಳೋ ಚರಂಡೀಲಿ ಒಂದು ಮಳೆಗಾಲ ಪೂರ್ತಿ ಕಳೆದಿದ್ದ ತುಂಡು ತೆಗೆದು ಬಿಡಿಸಿ ನೋಡಿದ್ದೆ, ಮೇಲಿನ ಪೇಪರ್ ಹೋಗಿತ್ತು, ಒಳಗಿನ ಬಿಳಿ ನಾರು ಕಂದು ಬಣ್ಣಕ್ಕೆ ತಿರುಗಿತ್ತು ಅಷ್ಟೇ, ಎಳೆದ್ರೂ ಹರೀಲಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯವ್ರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಸೇದಿ ಬಿಟ್ಟ ತುಂಡು ಲೀಟರ್ ನೀರಿಗೆ ಸುಮಾರು ಒಂದರಂತೆ ನೆನೆಸಿಟ್ರೆ ಆ ನೀರಲ್ಲಿ ಬಿಟ್ಟ ಮೀನಲ್ಲಿ ಅರ್ಧದಷ್ಟು ನಾಲ್ಕು ದಿನದಲ್ಲಿ ಸತ್ತೋಗ್ತವೆ ಅಂತ. ನಮ್ಮ ಅಂಗಳದ ನೀರೆಲ್ಲ ಹೋಗಿ ಸೇರೋದು ಕೆಳಗಿನ ಹಳ್ಳಕ್ಕೆ, ಆ ಹಳ್ಳದ ಏಡಿ ಮೀನು ತಿಂದೇ ನಾವು ಬೆಳೆದಿದ್ದು.

ಈಗ ಡಬ್ಬದ ವಿಷಯ. ಒಂದೂಕಾಲಡಿ ಎತ್ತರ, ಮೇಲೆ ಮಳೆ ಬೀಳ್ದಂಗೆ ಸಣ್ಣ ಮಾಡು, ಅದರ ಕೆಳಗೆ ಕಿಡಿ ಒತ್ತಿ ಆರಿಸೋಕೆ ತೂತು ತೂತಿನ ತಗಡು, ಅದರ ಪಕ್ಕ ತುಂಡು ಹಾಕೋ ಬಾಯಿ, ಒಳಗೆ ಎತ್ತಿ ತೆಗಿಯೋ ಅಲ್ಯೂಮಿನಿಯಂ ಡಬ್ಬಿ, ಕೆಳಗಡೆ ಬೀಗ. 600 ತುಂಡು ಹಿಡಿಯುತ್ತೆ ಅಂತ ಹಾಕಿದ್ರು, ನಮ್ಮಲ್ಲಿ 350ಕ್ಕೆಲ್ಲ ಬಾಯಿ ಕಟ್ಕೊಳ್ಳುತ್ತೆ, ಯಾಕಂದ್ರೆ ಬಾಯಿ ಕೆಳಗೇ ಗುಡ್ಡೆ ಆಗುತ್ತೆ, ಮೂಲೆಗೆ ಹರಡಲ್ಲ. ಬೀಗದ ಕೀ ಮೂರು ಮೂಲೆದು, ಕಳೆದೋದ್ರೆ ಪಟ್ಟಣದಲ್ಲಿ ಸಿಗೋದು ಕಷ್ಟ, ಎರಡನೇ ಕೀ ಬೇರೆ ಕಡೆ ಇಟ್ಕೊಳ್ಳಿ.

ಮೊದಲನೇ ಎರಡು ತಿಂಗಳು ದುಡ್ಡು ದಂಡ ಆಯ್ತು ಅನ್ಸಿತ್ತು. ನಾನು ಅದನ್ನ ಗೇಟ್ ಹತ್ರ ಕಾರ್ ನಿಲ್ಸೋ ಜಾಗದ ಗೋಡೆಗೆ ಹಾಕ್ಸಿದ್ದೆ, ಮನೆ ಮುಂದೆ ಚೆನ್ನಾಗಿ ಕಾಣಲ್ಲ ಅಂತ. ವಾರಕ್ಕೆ ನೂರರ ಮೇಲೆ ತುಂಡು ಹೆಕ್ತಾ ಇದ್ದಿದ್ದು ಎಂಬತ್ತಕ್ಕೆ ಇಳೀತು ಅಷ್ಟೇ. ಆಮೇಲೆ ಒಂದು ವಾರ ಸುಮ್ನೆ ಕೂತು ನೋಡ್ದೆ, ಇವ್ರು ಎಲ್ಲಿ ನಿಂತು ಹಚ್ತಾರೆ ಅಂತ. ಗೇಟ್ ಹತ್ರ ಯಾರೂ ಸೇದಲ್ಲ ಮಾರಾಯ್ರೆ! ಎಲ್ರೂ ಹಲಸಿನ ಮರದ ಕಟ್ಟೆ ಹತ್ರ, ಯಾಕಂದ್ರೆ ನಮ್ಮಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗೋದು ಅಲ್ಲಿ ಮಾತ್ರ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಅಲ್ಲಿಗೆ ಹೋಗ್ತಾರೆ, ಫೋನ್ ತೆಗೀತಾರೆ, ಹಚ್ತಾರೆ, ಮುಗಿದಾಗ ಎರಡು ಕೈಯಲ್ಲೂ ಏನೋ ಇರುತ್ತೆ, ಅಲ್ಲೇ ಕಾಲಡಿ ಹಾಕಿ ಹೊಸಕ್ತಾರೆ. ಅಲ್ಲಿಂದ ಗೇಟಿಗೆ ಮೂವತ್ತು ಹೆಜ್ಜೆ, ಆರಿದ ತುಂಡು ಹಿಡ್ಕೊಂಡು ಮೂವತ್ತು ಹೆಜ್ಜೆ ಯಾರೂ ನಡಿಯಲ್ಲ. ಕಟ್ಟೆ ಪಕ್ಕ ಒಂದು ಕಲ್ಲು ಕಂಬ ನೆಡ್ಸಿ, ಕೈ ಚಾಚಿದ್ರೆ ಸಿಗೋ ಎತ್ತರಕ್ಕೆ ಅದೇ ಡಬ್ಬ ಹೊಡೆಸ್ದೆ. ಮುಂದಿನ ವಾರ ಹೆಕ್ಕಿದ್ದು ಹದಿನಾಲ್ಕು. ಡಬ್ಬ ಅದೇ, ಜನ ಅದೇ ಥರದವ್ರು, ಜಾಗ ಒಂದೇ ಬದಲಾಗಿದ್ದು. ಹಾಗಾಗಿ ತಗೊಳ್ಳೋ ಮುಂಚೆ ಒಂದು ವಾರ ನಿಮ್ಮಲ್ಲಿ ತುಂಡು ಎಲ್ಲಿ ಬಿದ್ದಿರುತ್ತೆ ಅಂತ ನೋಡಿ, ಅಲ್ಲಿಗೇ ಹಾಕಿ, ಚೆಂದ ಆಮೇಲೆ ನೋಡ್ಕೊಳ್ಳಿ.

ಆಮೇಲೆ ಮಳೆ ಬಂತು. ಆ ವರ್ಷ ನಮ್ಮ ಮಳೆ ಮಾಪಕದಲ್ಲಿ ನೂರಿಪ್ಪತ್ತು ಇಂಚು ದಾಟಿತ್ತು, ಈ ಡಬ್ಬ ಮಾಡಿದವ್ರು ಮಲೆನಾಡಿನ ಜುಲೈ ನೋಡಿರಲ್ಲ ಅನ್ಸುತ್ತೆ. ಮಳೆ ಮೇಲಿಂದ ಬೀಳೋದಾದ್ರೆ ಆ ಮಾಡು ಸಾಕು, ನಮ್ಮಲ್ಲಿ ಅಡ್ಡ ಬಡಿಯುತ್ತೆ, ಬಾಯಿಂದ ಒಳಗೆ ಹೋಗುತ್ತೆ. ಒಂದಿನ ತೆಗೆದಾಗ ಒಳಗಿನ ಡಬ್ಬಿ ಅರ್ಧ ನೀರು, ಡಿಕಾಕ್ಷನ್ ಥರ ಕಪ್ಪು, ತುಂಡೆಲ್ಲ ಊದ್ಕೊಂಡು ತೇಲ್ತಾ ಇದ್ವು. ಎತ್ತೋವಾಗ ಒಂದಿಷ್ಟು ಕಟ್ಟೆ ಮೆಟ್ಟಿಲ ಮೇಲೆ ಚೆಲ್ಲಿತು, ಆ ಕಂದು ಕಲೆ ಇವತ್ತಿಗೂ ಹೋಗಿಲ್ಲ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ರೂ ಹೋಗಿಲ್ಲ. ಆ ನೀರನ್ನ ಗಿಡದ ಬುಡಕ್ಕೋ ಚರಂಡಿಗೋ ಸುರಿಬೇಡಿ, ನಿಕೋಟಿನ್ನು ಮತ್ತೆ ಹೊಗೆಯ ವಿಷ ಎಲ್ಲ ಅದಕ್ಕೆ ಇಳಿದಿರುತ್ತೆ. ನಾನು ಅದನ್ನ ಹಳೇ ಬಾಣಲೇಲಿ ಮರದ ಪುಡಿಗೆ ಹೀರಿಸಿ ಮಾಡಿನ ಕೆಳಗೆ ಒಣಗಿಸಿ, ತುಂಡಿನ ಜೊತೆಗೇ ತುಂಬಿಟ್ಟೆ. ತಳಕ್ಕೆ ತೂತು ಹೊಡೆದ್ಬಿಡಿ ಅಂತ ಕೆಲವ್ರು ಹೇಳಿದ್ರು. ಬೇಡ, ನೀರು ನೇರ ಮಣ್ಣಿಗೆ ಹೋಗುತ್ತೆ, ಬೇಸಿಗೇಲಿ ಅದೇ ತೂತಿಂದ ಗಾಳಿ ಆಡಿ ಒಳಗೆ ಬೆಂಕಿ ಹತ್ಕೊಳ್ಳುತ್ತೆ. ಕಂಬದ ಮೇಲೆ ಎರಡಡಿ ತಗಡಿನ ಮಾಡು ಹಾಕಿಸ್ದೆ, ಗಾಳಿ ಬರೋ ಕಡೆ ಒಂದು ಅಡ್ಡ ತಗಡು ಕೂಡ, ಎರಡನೇ ಮಳೆಗಾಲದಲ್ಲಿ ಒಳಗೆ ಬರೀ ತೇವ ಇತ್ತು, ನೀರಿರ್ಲಿಲ್ಲ.

ತುಕ್ಕಿನ ಕಥೆ ಹೇಳ್ಬೇಕು. ‘ಸ್ಟೇನ್‌ಲೆಸ್’ ಅಂತ ಬರ್ದಿದ್ದ ಡಬ್ಬ, ಆಗಸ್ಟ್ ಹೊತ್ತಿಗೆ ಬೆಸುಗೆ ಹಾಕಿದ ಮೂಲೇಲೆಲ್ಲ ಕೆಂಪು ಚುಕ್ಕೆ. ವೆಲ್ಡಿಂಗ್ ಶಾಪ್ ಸಾಬ್ರಿಗೆ ತೋರಿಸಿದ್ರೆ, ‘ಅಮ್ಮ ಇದು 202 ಸ್ಟೀಲು, ಇಲ್ಲಿ ನಿಲ್ಲಲ್ಲ, 304 ಆಗ್ಬೇಕಿತ್ತು’ ಅಂದ್ರು. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8 ಪರ್ಸೆಂಟ್ ಇರುತ್ತೆ, 202ರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ, ಅದಕ್ಕೇ ರೇಟೂ ಕಮ್ಮಿ. ಮ್ಯಾಗ್ನೆಟ್ ಇಟ್ಟು ನೋಡಿ ತಗೊಳ್ಳಿ ಅಂತಾರಲ್ಲ, ಅದನ್ನ ನಂಬ್ಬೇಡಿ, 202ಕ್ಕೂ ಮ್ಯಾಗ್ನೆಟ್ ಅಂಟಲ್ಲ, 304ಕ್ಕೂ ಅಂಟಲ್ಲ. ಗ್ರೇಡ್ ಬಿಲ್ಲಲ್ಲಿ ಬರ್ಸ್ಕೊಳ್ಳಿ. ಮಾರಿದವ್ರಿಗೆ ಫೋಟೋ ಕಳ್ಸಿದ್ದಕ್ಕೆ ಬಟ್ಟೇಲಿ ಒರೆಸಿ ಅಂತ ಉತ್ತರ ಬಂತು, ಆಮೇಲೆ ಏನೂ ಇಲ್ಲ. ಬೇಜಾರಾಯ್ತು ನಿಜವಾಗ್ಲೂ.

ಈ ವರ್ಷ ಮಾರ್ಚಲ್ಲಿ ಇನ್ನೊಂದು ಪಾಠ. ಸಂಜೆ ಐದೂವರೆ ಹೊತ್ತಿಗೆ ಕಟ್ಟೆ ಹತ್ರ ಸುಟ್ಟ ಪ್ಲಾಸ್ಟಿಕ್ ವಾಸನೆ, ನೋಡಿದ್ರೆ ಡಬ್ಬದ ಬಾಯಿಂದ ಬೆಳ್ಳಗೆ ಸಣ್ಣ ಹೊಗೆ. ಯಾರೋ ಚಿಪ್ಸ್ ಪ್ಯಾಕೆಟ್ ಮಡಚಿ, ಟಿಶ್ಯೂ ತುರುಕಿದ್ರು, ಅದರ ಮೇಲೆ ಆರದ ತುಂಡು ಬಿದ್ದಿದೆ. ಒದ್ದೆ ಗೋಣಿ ಚೀಲ ಸುತ್ತಿ ಬಾಯಿ ಮುಚ್ಚಿದ್ವಿ, ಗಾಳಿ ಸಿಗ್ದೆ ತಾನಾಗೇ ಆರ್ತು, ಆದ್ರೂ ರಾತ್ರಿವರೆಗೆ ತೆಗೀಲಿಲ್ಲ. ಅವತ್ತಿಂದ ಡಬ್ಬಿ ತಳಕ್ಕೆ ಒಂದಿಂಚು ಒಣ ಮರಳು ಹಾಕ್ತೀನಿ, ಬೇಸಿಗೇಲಿ ಮೂರು ದಿನಕ್ಕೊಮ್ಮೆ ಖಾಲಿ ಮಾಡ್ತೀನಿ ತುಂಬಿರ್ಲಿ ಬಿಡ್ಲಿ, ಪಕ್ಕದಲ್ಲೇ ಬೇರೆ ಕಸಕ್ಕೆ ಬುಟ್ಟಿ ಇಟ್ಟಿದೀನಿ. ಬುಟ್ಟಿ ಇಟ್ಮೇಲೆ ಪ್ಯಾಕೆಟ್ ತುರುಕೋದು ನಿಂತೋಯ್ತು. ಪಾಪ, ಜನಕ್ಕೆ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗ್ದೆ ಹಾಕ್ತಿದ್ರು.

ಎರಡನೇ ಡಬ್ಬ ಸಾಬ್ರ ಕೈಲೇ ಮಾಡಿಸಿದ್ದು, 304 ತಗಡಲ್ಲಿ, 4,800 ಆಯ್ತು. ಐಡಿಯಾ ಲಂಡನ್ನಿಂದು. 2015ರಲ್ಲಿ ಅಲ್ಲಿ ಹಬಬ್ ಅನ್ನೋ ಸಂಸ್ಥೆಯವ್ರು ವಿಲಿಯರ್ಸ್ ಸ್ಟ್ರೀಟಲ್ಲಿ ವೋಟ್ ಹಾಕೋ ಥರದ ಡಬ್ಬ ಇಟ್ಟಿದ್ರು, ಜಗತ್ತಿನ ಬೆಸ್ಟ್ ಆಟಗಾರ ರೊನಾಲ್ಡೋನಾ ಮೆಸ್ಸಿನಾ ಅಂತ ಪ್ರಶ್ನೆ, ಎರಡು ಬಾಯಿ, ಮುಂದೆ ಗಾಜು, ಯಾರಿಗೆ ಎಷ್ಟು ತುಂಡು ಬಿತ್ತು ಅಂತ ಹೊರಗಡೆಗೆ ಕಾಣುತ್ತೆ. ನಾನು ‘ಕಡುಬಾ, ಅಕ್ಕಿ ರೊಟ್ಟಿನಾ?’ ಅಂತ ಬರೆಸ್ದೆ. ಮುಂದಿನ ಗಾಜು ಟಫನ್ಡ್ ಹಾಕ್ಸಿ, ಅಕ್ರಿಲಿಕ್ ಕಿಡಿಗೆ ಕರಗುತ್ತೆ. ಇದನ್ನ ಊಟದ ಮನೆ ಹೊರಗಡೆ, ಜಗಲಿಯಿಂದ ದೂರ ಕೆಳಗಿನ ಅಂಗಳದಲ್ಲಿ ಇಟ್ಟಿದೀನಿ. ಇಟ್ಟ ಮೊದಲನೇ ಶನಿವಾರ ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗ, ‘ಆಂಟಿ, ರೊಟ್ಟಿ ಸೋಲ್ತಾ ಇದೆ’ ಅಂತ ಹೇಳಿ ಅಂಗಳದಲ್ಲಿ ಬಿದ್ದಿದ್ದ ಹಳೇ ತುಂಡನ್ನೆಲ್ಲ ಹೆಕ್ಕಿ ಹೆಕ್ಕಿ ರೊಟ್ಟಿಗೆ ಹಾಕ್ದ. ಅವ್ನು ಬಗ್ಗಿ ಕಲ್ಲಿನ ಸಂದೀಂದ ಕೀಳೋದು ನೋಡಿ ನಂಗೆ ಕಣ್ಣು ತುಂಬಿ ಬಂತು, ಅಷ್ಟು ವರ್ಷ ನಾನೊಬ್ಳೇ ಮಾಡ್ತಿದ್ದ ಕೆಲಸ ಅದು. ಪ್ರಶ್ನೆ ತಿಂಗಳಿಗೊಮ್ಮೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಮತ್ತೆ ಮತ್ತೆ ಬರೋರಿಗೆ ಆಸಕ್ತಿ ಇರಲ್ಲ.

ಕಾನೂನು ವಿಷಯ ಹೋಟೆಲ್, ದರ್ಶಿನಿಯವ್ರು ಸರಿಯಾಗಿ ನೋಡ್ಕೊಳ್ಳಿ. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದ ಒಳಗೆ ಆಶ್‌ಟ್ರೇ, ಬೆಂಕಿಪೊಟ್ಟಣ ಇಡೋ ಹಾಗೇ ಇಲ್ಲ, ಕರ್ನಾಟಕದಲ್ಲಿ ಅಲ್ಲಿ ಸೇದಿದ್ರೆ 200 ಇದ್ದ ದಂಡ 2025ರಿಂದ 1,000 ಆಗಿದೆ. ರೂಮು, ಜಗಲಿ, ಊಟದ ಮನೆ ಎಲ್ಲೂ ಸೇದೋ ಹಂಗಿಲ್ಲ ಅಂತ ನಾವು ಬಂದ ತಕ್ಷಣ ಹೇಳ್ತೀವಿ, ಎರಡೂ ಡಬ್ಬ ಬಯಲಲ್ಲೇ ಇರೋದು. ಡಬ್ಬ ಇಟ್ರೆ ಸೇದೋಕೆ ಕರೆದಂಗೆ ಅಲ್ವಾ ಅಂತ ನಮ್ಮ ಅತ್ತೆ ಕೇಳಿದ್ರು, ಆ ಮಾತು ಸುಮಾರು ದಿನ ನನ್ನ ತಲೇಲಿ ಇತ್ತು. ಸೇದೋರು ಡಬ್ಬ ಇಲ್ದಿದ್ರೂ ಸೇದ್ತಾರೆ, ದರಗಿನ ಮೇಲೆ ಎಸೀತಾರೆ, ಅದನ್ನ ಕಣ್ಣಾರೆ ನೋಡಿದೀನಿ.

ಖಾಲಿ ಮಾಡಿದ್ದನ್ನ ಏನು ಮಾಡೋದು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. ಗೊಬ್ಬರದ ಗುಂಡಿಗೆ ಹಾಕಂಗಿಲ್ಲ, ಸುಡೋದು ಇನ್ನೂ ಕೆಟ್ಟದ್ದು. ಒಣಗಿಸಿ 20 ಲೀಟರ್ ಪೇಂಟ್ ಬಕೆಟ್ಟಿಗೆ ತುಂಬಿ ಮುಚ್ಚಳ ಹಾಕಿಡ್ತೀನಿ, ಒಂದೂವರೆ ಬಕೆಟ್ ಆಗಿದೆ. ನೋಯ್ಡಾದಲ್ಲಿ ಈ ತುಂಡು ತಗೊಂಡು ಫಿಲ್ಟರ್ ಬೇರೆ ಮಾಡಿ ಸ್ವಚ್ಛ ಮಾಡಿ ದಿಂಬು ಗೊಂಬೆಗೆ ತುಂಬೋ ಕಂಪನಿ ಇದೆ, ಎರಡನೇ ಬಕೆಟ್ ತುಂಬಿದ್ಮೇಲೆ ಪಾರ್ಸಲ್ ಹಾಕ್ಬೇಕು ಅಂತಿದೀನಿ. ಮೂಡಿಗೆರೆ ಸಕಲೇಶಪುರ ಕಡೆಯ ಹೋಂಸ್ಟೇಯವ್ರು ಯಾರಾದ್ರೂ ಕೂಡಿಸಿಟ್ಟಿದ್ರೆ ಹೇಳಿ, ಒಟ್ಟಿಗೆ ಕಳ್ಸಿದ್ರೆ ಖರ್ಚು ಹಂಚ್ಕೋಬಹುದು.

ಮಾರ್ಕ್ಸ್ ಕೇಳಿದ್ರೆ ಆನ್‌ಲೈನ್ ಡಬ್ಬಕ್ಕೆ 5ಕ್ಕೆ 3, ಸ್ಟೀಲ್ ಸರಿ ಇದ್ದಿದ್ರೆ 4 ಕೊಡ್ತಿದ್ದೆ. ಸಾಬ್ರ ಡಬ್ಬಕ್ಕೆ ನಾಲ್ಕೂವರೆ, ಭಾರ ಜಾಸ್ತಿ, ಖಾಲಿ ಮಾಡೋಕೆ ಇಬ್ರು ಬೇಕು. ಮೊನ್ನೆ ಲೈನ್ ಮನೆಯ ಅಜ್ಜ ಒಬ್ರು ಬಂದು, ‘ಅಮ್ಮ, ನಮ್ ಲೈನ್ ಹತ್ರನೂ ಒಂದು ಹಾಕ್ಸಿ, ಬೀಡಿ ಮೋಟು ಬಿಸಾಕೋಕೆ ಹೆದ್ರಿಕೆ ಆಗುತ್ತೆ’ ಅಂದ್ರು. ಬೀಡಿಗೆ ಫಿಲ್ಟರ್ ಇಲ್ಲ, ಎಲೆ ಮಣ್ಣಲ್ಲಿ ಕರಗುತ್ತೆ, ಆದ್ರೆ ಕಿಡಿ ಅದೇ ಕಿಡಿ. ಸಾಬ್ರಿಗೆ ಹೇಳಿದೀನಿ, ಚಿಕ್ಕದು, ಒಂದೇ ಬಾಯಿ, ಗಾಜು ಬೇಡ, ಜನವರಿ ಒಳಗೆ, ದರಗು ಉದುರೋ ಮುಂಚೆ ಬೇಕು ಅಂತ.